ಬೇರೆಯವರ ನಾಲಿಗೆ

ನನ್ನ ಅತ್ತಿಗೆಯ ನಾಲಿಗೆಗೆ ಹೆದರದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಬೈಗುಳದ ಮಾತಲ್ಲ, ಬೈಯುವುದರಲ್ಲಿ ನಾನೇ ಒಂದು ಕೈ ಮೇಲು. ಆಕೆ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ತಟ್ಟೆ ನೋಡಿದರೆ ಸಾಕು, ಅಡುಗೆ ಮಾಡಿದವರ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಅಣ್ಣ ಮದುವೆಯಾದ ಹೊಸತರಲ್ಲಿ ಒಮ್ಮೆ ಚಹಾ ಮಾಡಿಕೊಟ್ಟು ಆ ನೋಟ ಉಂಡವನು, ಆಮೇಲೆ ಒಲೆಯ ಕಡೆ ತಲೆ ಹಾಕಿ ಮಲಗಿಲ್ಲ.

ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಆಕೆ ಮುಖ್ಯ ಅಡುಗೆಯವಳು. ಒಂದು ವಾರ ಬೆಳಗಿನ ಪಾಳಿ, ಮರುವಾರ ಸಂಜೆ ಪಾಳಿ. ಸೊಂಟದೆತ್ತರದ ಪಾತ್ರೆಗಳು, ಎಣ್ಣೆ ಹಿಡಿದು ಜಿಗುಟಾದ ಗೋಡೆ, ಒಬ್ಬರ ಮಾತು ಒಬ್ಬರಿಗೆ ಕೇಳದಂತೆ ಗುಂಯ್‌ಗುಡುವ ಹೊಗೆ ಫ್ಯಾನು. ಅದರ ನಡುವೆ ನಿಂತು ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕುತ್ತಾಳೆ. ಕಣ್ಣು ಕಿರಿದು ಮಾಡುತ್ತಾಳೆ. ಏನೋ ಒಂದು ಚಿಟಿಕೆ ಉದುರಿಸುತ್ತಾಳೆ, ಮತ್ತೆ ನೆಕ್ಕುತ್ತಾಳೆ. ಅಡುಗೆ ಇಳಿಯುವಷ್ಟರಲ್ಲಿ ಹೀಗೆ ಎಷ್ಟು ಸಲ ಆಗುತ್ತದೆಂದು ಆಕೆಗೇ ಗೊತ್ತಿರಲಿಲ್ಲ. ಉಸಿರಾಡುವುದನ್ನು ಯಾರು ಲೆಕ್ಕ ಇಡುತ್ತಾರೆ?

ಆಮೇಲೆ ಕಾಯಿಲೆ ಬಂತು. ಎಡ ಪಕ್ಕೆಯ ಕೆಳಗೆ ಏನೋ ಭಾರ, ಮೆಟ್ಟಿಲು ಹತ್ತಿದರೆ ಸುಸ್ತು, ಊಟ ಸೇರದು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ರಕ್ತದ ಕ್ಯಾನ್ಸರ್ ಎಂದರು. ಅಣ್ಣ ಕುರ್ಚಿಯ ಕೈ ಹಿಡಿದುಕೊಂಡ. ‘ಹೆದರಬೇಡಿ, ಇದು ನಿಧಾನದ ಜಾತಿ. ಇದಕ್ಕಂತಲೇ ಮಾಡಿರೋ ಮಾತ್ರೆ ಇದೆ, ಕಾಯಿಲೆಯ ಬುಡಕ್ಕೇ ಕೈ ಹಾಕುತ್ತೆ. ಸರಿಯಾಗಿ ತಗೊಂಡ್ರೆ ಎಲ್ಲರ ಹಾಗೆ ಬದುಕಬಹುದು’ ಎಂದರು ಡಾಕ್ಟರು.

ಆ ‘ಸರಿಯಾಗಿ’ ಎನ್ನುವುದರಲ್ಲಿ ಏನೇನಿದೆ ಎಂದು ಸಿಸ್ಟರ್ ನಮ್ಮನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಹೇಳಿದಳು. ದಿನಕ್ಕೆ ಎರಡು ಸಲ, ಬೆಳಗ್ಗೆ ಏಳು, ಸಂಜೆ ಏಳು. ನುಂಗುವ ಮುಂಚೆ ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ನೀರು ಬಿಟ್ಟು ಏನೂ ಬಾಯಿಗೆ ಹೋಗಕೂಡದು. ಆಹಾರದ ಜೊತೆ ಸೇರಿದರೆ ಈ ಮಾತ್ರೆ ರಕ್ತದಲ್ಲಿ ಮಿತಿ ಮೀರಿ ಏರುತ್ತದೆ, ಎದೆಬಡಿತ ಹಾದಿ ತಪ್ಪಬಹುದು. ಪುಡಿ ಮಾಡಬಾರದು. ಹೊಟ್ಟೆಯುರಿಗೆ, ಜ್ವರಕ್ಕೆ ಬೇರೆ ಮಾತ್ರೆ ಬೇಕಾದರೂ ಕೇಳಿಯೇ ತೆಗೆದುಕೊಳ್ಳಬೇಕು. ಒಂದು ಹೊತ್ತು ಬಿಟ್ಟುಹೋದರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಅತ್ತಿಗೆ ತಲೆಯಾಡಿಸುತ್ತ ಕೇಳಿದಳು. ಇಷ್ಟು ಅಕ್ಕಿಗೆ ಇಷ್ಟೇ ನೀರು ಎಂದರೆ ಇಷ್ಟೇ ನೀರು ಎನ್ನುವ ಹೆಂಗಸು. ಆಕೆಗೆ ನಿಯಮ ಹೇಳುವವರು ಸಿಕ್ಕಿದರೆ ಖುಷಿ.

ಮೊದಮೊದಲು ರಜೆಯಲ್ಲಿದ್ದಳು. ಪರೀಕ್ಷೆಯಲ್ಲಿ ಕಾಯಿಲೆಯ ಅಂಕಿ ಸರಸರನೆ ಇಳಿಯಿತು. ಹೊಟ್ಟೆಯ ಭಾರ ಹೋಯಿತು, ಮುಖಕ್ಕೆ ಕಳೆ ಬಂತು. ಕೆಲಸಕ್ಕೆ ಹೊರಟಳು. ಅಲ್ಲಿ ಯಾರಿಗೂ ಹೇಳಕೂಡದು ಎಂದು ನಮ್ಮ ಬಾಯಿಗೆ ಬೀಗ ಹಾಕಿದಳು. ಕ್ಯಾಂಟೀನಿನ ಕಂಟ್ರಾಕ್ಟರು ನೆಗಡಿಯಾದವರನ್ನೇ ಒಲೆಯ ಹತ್ತಿರ ಬಿಡದ ಆಸಾಮಿ. ಇದು ಅಂಟುವ ಕಾಯಿಲೆಯಲ್ಲ ಎಂದು ಅವನಿಗೆ ಕೂತು ಪಾಠ ಹೇಳುವವರು ಯಾರು? ಜೊತೆಗೆ ತರಕಾರಿ ಹೆಚ್ಚುವ ಹೆಂಗಸು ಒಬ್ಬಳಿದ್ದಳು, ಎಲ್ಲರೂ ಈರುಳ್ಳಿ ಅಕ್ಕ ಎನ್ನುತ್ತಿದ್ದರು. ಅತ್ತಿಗೆಯ ಸೌಟಿನ ಮೇಲೆ ಅವಳಿಗೆ ಎಂದಿನಿಂದಲೋ ಕಣ್ಣು.

ಕೆಲಸಕ್ಕೆ ಹೋದ ಮೇಲೆ ಅಂಕಿ ಇಳಿಯುವುದು ನಿಂತಿತು. ಮುಂದಿನ ಸಲ ಏರಿತು. ಅದರ ಮುಂದಿನ ಸಲ ಇನ್ನಷ್ಟು ಏರಿತು.

ಆ ದಿನ ಅಣ್ಣನಿಗೆ ಬರಲಾಗದೆ ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರು ಕಾಗದ ನೋಡುತ್ತ ಹಣೆ ಉಜ್ಜಿಕೊಂಡರು. ‘ನಿಯಮ ಎಲ್ಲ ಪಾಲಿಸ್ತಿದೀರಾ?’

‘ಚಾಚೂ ತಪ್ಪದೆ’ ಎಂದಳು ಅತ್ತಿಗೆ. ನಾನೂ ಹೂಂಗುಟ್ಟಿದೆ.

‘ಹಾಗಿದ್ರೆ ಕಾಯಿಲೆ ಈ ಮಾತ್ರೆಗೆ ಬಗ್ತಾ ಇಲ್ಲ ಅನ್ಸುತ್ತೆ. ಬೇರೆ ಔಷಧಿ ನೋಡಬೇಕಾಗುತ್ತೆ. ಅದರ ತೊಂದರೆಗಳು ಸ್ವಲ್ಪ ಜಾಸ್ತಿ. ಅದೂ ಕೆಲಸ ಮಾಡದಿದ್ರೆ ಮುಂದಿನ ದಾರಿ ಕಷ್ಟದ್ದೇ. ನಿಮ್ಮದೇನೂ ತಪ್ಪಿಲ್ಲಮ್ಮ, ಕೆಲವರಿಗೆ ಮಾತ್ರೆ ಸೋಲುತ್ತೆ.’

ಕೋಣೆ ಚಿಕ್ಕದು. ಬಾಗಿಲಿಗೆ ನನ್ನ ಕುರ್ಚಿ ಅಡ್ಡ, ಆಕೆಗೆ ಎದ್ದು ಹೋಗಲೂ ಜಾಗವಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು. ಕೊನೆಗೆ ಬಾಯಿ ಬಿಟ್ಟಳು.

‘ಮಾತ್ರೇನ ಬೈಬೇಡಿ ಡಾಕ್ಟ್ರೇ. ಅದನ್ನ ನಾನು ಒಳಗೆ ಹೋಗೋಕೇ ಬಿಟ್ಟಿಲ್ಲ.’

ಆಮೇಲೆ ಒಂದೊಂದಾಗಿ ಹೊರಬಂತು. ಬೆಳಗಿನ ಪಾಳಿಯಲ್ಲಿ ಐದರಿಂದ ಎಂಟರವರೆಗೆ ತಿಂಡಿ ಬೇಯುವ ಹೊತ್ತು. ಸಂಜೆ ಪಾಳಿಯಲ್ಲಿ ಅದೇ ಹೊತ್ತಿಗೆ ರಾತ್ರಿ ಊಟ. ಒಲೆಯ ಮುಂದೆ ನಿಂತರೆ ಅಂಗೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಬಾಯಿಗೆ ಹೋಯಿತೆಂದರೆ ಹೊಟ್ಟೆ ಖಾಲಿ ಅಲ್ಲ. ಖಾಲಿ ಅಲ್ಲದ ಹೊಟ್ಟೆಗೆ ಮಾತ್ರೆ ಕೂಡದು, ಎದೆ ನಿಲ್ಲುತ್ತದೆ. ಆದ್ದರಿಂದ ಆ ಹೊತ್ತಿನ ಮಾತ್ರೆ ಬಿಟ್ಟಳು. ಬಿಟ್ಟದ್ದನ್ನು ಸೇರಿಸಿ ನುಂಗುವಂತಿಲ್ಲ, ನುಂಗಲಿಲ್ಲ. ಯಾವ ನಿಯಮವನ್ನೂ ಮುರಿಯದೆ ಎರಡು ಹೊತ್ತಿನಲ್ಲಿ ಒಂದು ಹೊತ್ತು ಔಷಧಿಯೇ ಇಲ್ಲದೆ ತಿಂಗಳುಗಟ್ಟಲೆ ಕಳೆದಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ‘ಒಂದು ಮಾತು ಕೇಳೋಕೆ ಏನಾಗಿತ್ತು ಅತ್ತಿಗೆ ನಿಂಗೆ?’ ಎಂದು ಡಾಕ್ಟರ ಎದುರೇ ಕೂಗಿದೆ.

‘ಕೇಳಿದ್ರೆ ಕೆಲಸ ಬಿಡು ಅಂತಿದ್ರಿ’ ಎಂದಳು. ನಿಜ, ಅನ್ನುತ್ತಿದ್ದೆವು.

ಡಾಕ್ಟರು ಬೈಯಲಿಲ್ಲ. ಅವರ ಮುಖ ಸಡಿಲವಾದದ್ದನ್ನು ನಾನು ಕಂಡೆ. ಮಧ್ಯೆ ಮಧ್ಯೆ ಬಿಟ್ಟರೆ ಕಾಯಿಲೆ ಮಾತ್ರೆಗೆ ಬಗ್ಗದಂತಾಗುವ ಅಪಾಯವೂ ಇದೆ, ಹಾಗಾಗಿದೆಯೇ ಎಂದು ಇನ್ನೊಂದು ಪರೀಕ್ಷೆ ಮಾಡಿಸೋಣ, ಆಗಿರದಿದ್ದರೆ ಇದೇ ಮಾತ್ರೆ ಸಾಕು ಎಂದರು. ಎರಡು ವಾರಕ್ಕೆ ವರದಿ ಬಂತು, ದೇವರ ದಯೆ, ಆಗಿರಲಿಲ್ಲ. ಅಂದೇ ಸಿಸ್ಟರ್ ಬೆರಳು ಮಡಚುತ್ತ ಹೊತ್ತು ಬದಲಿಸಲು ನೋಡಿದಳು. ಬೆಳಗಿನ ಪಾಳಿಗೆ ಹೊಂದಿದ್ದು ಸಂಜೆ ಪಾಳಿಗೆ ಅಡ್ಡ ಬಂತು, ಸಂಜೆಗೆ ಹೊಂದಿದ್ದು ಬೆಳಗ್ಗೆಗೆ. ವಾರಕ್ಕೊಮ್ಮೆ ಹೊತ್ತು ಬದಲಿಸುವುದೂ ಆಗದ ಮಾತು. ಕೊನೆಗೆ ಕೈ ಚೆಲ್ಲಿ, ‘ಒಂದೋ ಕೆಲಸ ಬದಲಾಯ್ಸಿ, ಇಲ್ಲಾ ಆ ಮೂರು ಗಂಟೆ ಯಾರದಾದ್ರೂ ನಾಲಿಗೆ ಕಡ ತಗೊಳ್ಳಿ’ ಎಂದಳು.

ಮರುದಿನ ಡಾಕ್ಟರ ಚೀಟಿ ಹಿಡಿದು ನಾನೂ ಕ್ಯಾಂಟೀನಿಗೆ ಹೋದೆ. ಅಂಟುವ ಕಾಯಿಲೆಯಲ್ಲ ಎಂದು ಅದರಲ್ಲಿ ಬರೆದಿತ್ತು. ಕಂಟ್ರಾಕ್ಟರು ಎರಡು ಸಲ ಓದಿ, ಚೀಟಿ ವಾಪಸು ಕೊಟ್ಟು, ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡ. ಅವನ ತಲೆಗೆ ಆ ಸೋಪನ್ನೇ ಎಸೆಯಬೇಕೆನಿಸಿತು. ಒಂದೇ ಪಾಳಿ ಕೊಡಿ ಎಂದು ಕೇಳಿದ್ದಕ್ಕೆ, ‘ಪಾಳಿ ಎಲ್ಲರಿಗೂ ಒಂದೇ. ಇರೋದಾದ್ರೆ ಇರಿ. ಊಟದ ಬಗ್ಗೆ ಒಂದು ದೂರು ಬಂದ್ರೂ ಸೌಟು ಬೇರೆಯವರಿಗೆ’ ಎಂದ.

ಬೇರೆಯವರು ಅಂದರೆ ಈರುಳ್ಳಿ ಅಕ್ಕ. ನಾಲಿಗೆ ಕಡ ಕೇಳಬೇಕಾದದ್ದೂ ಅವಳನ್ನೇ. ಉಳಿದವರಿಗೆ ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿದರೆ ಹೆಚ್ಚು. ಅತ್ತಿಗೆ ಎಲ್ಲವನ್ನೂ ಹೇಳಿದಳು. ಅವಳು ಹೆಚ್ಚುವುದನ್ನು ನಿಲ್ಲಿಸದೆ ಕೇಳಿ, ಕೊನೆಗೆ ಮೂಗೆಳೆದುಕೊಂಡು, ‘ಇಷ್ಟು ದಿನ ಒಬ್ಬಳೇ ಹೆಂಗೆ ಇಟ್ಕೊಂಡಿದ್ದೆ ಮಾರಾಯ್ತಿ’ ಎಂದಳು. ಅಳುತ್ತಿದ್ದಳೋ, ಈರುಳ್ಳಿಯೋ, ನನಗೆ ತಿಳಿಯಲಿಲ್ಲ.

ಅಂದು ಸಂಜೆ ಏಳಕ್ಕೆ ಅತ್ತಿಗೆ ಮಾತ್ರೆ ನುಂಗಿದಳು. ಬೇಳೆ ಕುದಿಯುತ್ತಿತ್ತು. ಈರುಳ್ಳಿ ಅಕ್ಕ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ‘ಉಪ್ಪು ಬೇಕು’ ಎಂದಳು. ಅತ್ತಿಗೆ ಆವಿಗೆ ಮೂಗೊಡ್ಡಿದಳು. ಆಕೆಯ ಲೆಕ್ಕಕ್ಕೆ ಉಪ್ಪು ಸಾಕಾಗಿತ್ತು. ಎಡಗೈ ತಾನಾಗಿಯೇ ಮೇಲೆದ್ದಿತು. ಬಲಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದಳು. ಇವಳು ನಂಬಿಕಸ್ಥಳೋ, ಗುಂಡಿ ತೋಡುತ್ತಿದ್ದಾಳೋ? ಮುಂಚಿನ ಹಾಗೆ ಒಂದು ಹನಿ ನೆಕ್ಕಿದರೆ ತಿಳಿದುಹೋಗುತ್ತಿತ್ತು. ಅತ್ತಿಗೆ ನನ್ನ ಮುಖ ನೋಡಿದಳು, ನಾನು ಪಾತ್ರೆ ನೋಡಿದೆ. ಆಕೆ ಉಪ್ಪು ಹಾಕಿದಳು.

ಗಿರಣಿಯವರು ಬಂದರು, ತಿಂದರು, ಕೈ ತೊಳೆದು ಹೋದರು. ಯಾರೂ ಏನೂ ಅನ್ನಲಿಲ್ಲ. ಎಂಟಾದ ಮೇಲೆ ಅತ್ತಿಗೆ ತಟ್ಟೆಗೆ ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು.

‘ಉಪ್ಪಾಗಿದ್ಯಾ ಅತ್ತಿಗೆ?’

‘ಇಲ್ಲ ಕಣೇ. ಸರಿಯಾಗೇ ಇದೆ.’

ಮೂರು ತಿಂಗಳಿಗೆ ಅಂಕಿ ಇಳಿಯಿತು. ಡಾಕ್ಟರಿಗೆ ನಮಗಿಂತ ಖುಷಿ. ‘ನೋಡಿದ್ರಾ, ಮಾತ್ರೆ ಸೋತಿರಲಿಲ್ಲ. ಹೀಗೇ ಇರಿ’ ಎಂದರು.

‘ಎಷ್ಟು ವರ್ಷ?’ ಎಂದಳು ಅತ್ತಿಗೆ.

‘ಸದ್ಯಕ್ಕೆ ನಿಲ್ಲಿಸೋ ಮಾತೇ ಇಲ್ಲಮ್ಮ. ಮುಂದೆ ಯಾವತ್ತೋ ನೋಡೋಣ.’

ಹೊರಗೆ ಬಸ್ಸಿಗೆ ಕಾಯುತ್ತ ನಿಂತೆವು. ಪಕ್ಕದಲ್ಲೇ ತಳ್ಳುಗಾಡಿಯವನೊಬ್ಬ ಬಿಸಿ ಬಿಸಿ ಕಡಲೆಕಾಯಿ ಹುರಿಯುತ್ತಿದ್ದ. ಸಂತೋಷದ ಸುದ್ದಿ, ಬಾಯಿ ಸುಮ್ಮನಿರಲಿಲ್ಲ. ಒಂದು ಪೊಟ್ಟಣ ಕೊಂಡು ಆಕೆಯ ಮುಂದೆ ಹಿಡಿದೆ. ಅತ್ತಿಗೆ ಬಗ್ಗಿ ಅದರ ವಾಸನೆಯನ್ನು ಒಮ್ಮೆ ಉದ್ದಕ್ಕೆ ಎಳೆದುಕೊಂಡಳು.

‘ಸ್ವಲ್ಪ ಹೊತ್ತು ಹೆಚ್ಚು ಹುರಿದಿದಾನೆ ಅನ್ಸುತ್ತೆ. ತಿಂದು ಹೇಳು’ ಎಂದಳು. ಗಂಟೆ ಐದು ದಾಟಿತ್ತು.