ಹುಣಸೆ ಗೋಡೌನಿನಲ್ಲಿ ಸೀರೆಯ ಗೋಡೆ

ದುಡ್ಡು ಕೊಟ್ಟು ಗೊತ್ತಿಲ್ಲದವರ ಪಕ್ಕದಲ್ಲಿ ಕೂರುವುದು ಬಸ್ಸಿನಲ್ಲಿ ಮಾತ್ರ ಎಂದು ನಾನು ತಿಳಿದಿದ್ದೆ. ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಬರುವಾಗೆಲ್ಲ ಹಾಗೆ ಕೂತು ಬಂದವಳು ನಾನು. ಇಳಿಯುವಷ್ಟರಲ್ಲಿ ಪಕ್ಕದವಳ ಸೊಸೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂಬುದೂ ಗೊತ್ತಾಗಿರುತ್ತಿತ್ತು. ನನ್ನ ಮೊಮ್ಮಗಳು ಭಾರತಿ, ಜನ ತಿಂಗಳ ಬಾಡಿಗೆ ಕೊಟ್ಟು ಗೊತ್ತಿಲ್ಲದವರ ಜೊತೆ ಕೂತು ಕೆಲಸ ಮಾಡಲಿ ಎಂದು ಹಿಂದೂಪುರದಲ್ಲಿ ಒಂದು ಜಾಗವನ್ನೇ ತೆರೆದಳು. ಸಂತೋಷ ತಡೆಯಲಾರದೆ ಬೀದಿಗೆಲ್ಲ ಸಕ್ಕರೆ ಹಂಚಿದೆ. ಏನು ತೆರೆದಿದ್ದಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ, ಅವರ ಕೈಗೆ ಇನ್ನೊಂದು ಹಿಡಿ ಸಕ್ಕರೆ ಹಾಕಿ ಮುಂದಿನ ಮನೆಗೆ ಹೋಗಿಬಿಡುತ್ತಿದ್ದೆ.

ನನಗೆ ಗೊತ್ತಿದ್ದರೆ ತಾನೇ ಹೇಳುವುದು? ಆಫೀಸು ಅನ್ನೋಣವೆಂದರೆ ಯಜಮಾನನಿಲ್ಲ. ಅಂಗಡಿ ಅನ್ನೋಣವೆಂದರೆ ಸಾಮಾನಿಲ್ಲ. ಇಸ್ಕೂಲು ಅನ್ನೋಣವೆಂದರೆ, ನಾನು ಮೂರನೇ ಕ್ಲಾಸಿನವರೆಗೆ ನೋಡಿದ ಇಸ್ಕೂಲಿನಲ್ಲಿ ಯಾರೂ ಇಷ್ಟು ಸುಮ್ಮನೆ ಕೂತಿರಲಿಲ್ಲ.

ಅದು ನನ್ನ ಮಗನ ಹುಣಸೆಹಣ್ಣಿನ ಗೋಡೌನು. ಕಂಪ್ಯೂಟರಿನಲ್ಲಿ ಯಾವುದೋ ದೇಶದ ಚಿತ್ರ ನೋಡಿ ಭಾರತಿ ಒಳಗಿನ ಅಡ್ಡಗೋಡೆ ಕೆಡವಿಸಿದಳು, ದೊಡ್ಡ ಕಿಟಕಿ ಇಡಿಸಿದಳು, ಸುಣ್ಣ ಹೊಡೆಸಿ ಮೇಜುಗಳನ್ನು ಎದುರುಬದುರು ಹಾಕಿಸಿದಳು. ಸುಣ್ಣದ ಮೇಲೂ ಹುಣಸೆಯ ವಾಸನೆ ಹೋಗಲಿಲ್ಲ. ಒಳಗೆ ಕಾಲಿಟ್ಟರೆ ಬಾಯಲ್ಲಿ ನೀರೂರುತ್ತಿತ್ತು. "ಗೋಡೆ ಇಲ್ದಿದ್ರೆ ಜನ ಬೆರೀತಾರೆ ಕಣಜ್ಜಿ, ಒಬ್ರ ಕೆಲ್ಸ ಇನ್ನೊಬ್ರಿಗೆ ಸಿಗ್ತದೆ" ಎಂದಳು. ಅವಳ ಅಪ್ಪ ಮಾತ್ರ, "ಯುಗಾದಿಗೆ ಹೊಸ ಹಣ್ಣು ಬತ್ತದೆ. ಅಷ್ಟರಾಗೆ ಮೇಜು ತುಂಬ್ಲಿಲ್ಲ ಅಂದ್ರೆ ಗೋಡೌನು ನಂದು" ಎಂದುಬಿಟ್ಟ. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ಒಂದೇ ಅಡುಗೆಮನೆಯಲ್ಲಿ ಕೂತು, "ಅಜ್ಜೀ, ಸಾರು ಆರೋಯ್ತದೆ ಅಂತ ನಿನ್ ಮಗನಿಗೆ ಹೇಳು" ಎಂದು ಅವಳು, "ನನ್ ಕೈಗೆ ಸುಡ್ತಾನೇ ಐತೆ ಅಂತ ನಿನ್ ಮೊಮ್ಮಗಳಿಗೆ ಹೇಳಮ್ಮ" ಎಂದು ಅವನು. ನಡುವೆ ಮಾತು ಹೊತ್ತು ಹೊತ್ತು ನನ್ನ ಊಟವೇ ಆರುತ್ತಿತ್ತು.

ಬಂದವರು ಮೂರೇ ಮಂದಿ. ಲಗ್ನಪತ್ರಿಕೆ ಮಾಡುವ ರಮಣ, ಮನೆ ಕಟ್ಟುವವರಿಗೆ ನಕ್ಷೆ ಬರೆಯುವ ಸುಜಾತ, ವಿಮೆ ಮಾಡಿಸುವ ಮೂರ್ತಿ. ಬೆರೆಯುವುದಿರಲಿ, ರಮಣ ತಲೆಯೆತ್ತಿದರೆ ಕಣ್ಣು ನೇರ ಸುಜಾತಳ ಮೇಲೆ ಬೀಳುತ್ತಿತ್ತು. ಇಬ್ಬರೂ ಬೈಸಿಕೊಂಡವರಂತೆ ತಲೆ ತಗ್ಗಿಸುತ್ತಿದ್ದರು. ಮೂರ್ತಿ ಫೋನು ಬಂದರೆ ಬೇವಿನ ಮರದ ಕೆಳಗೆ ಓಡುತ್ತಿದ್ದ. ಸುಜಾತ ಊಟದ ಡಬ್ಬಿ ಬಿಚ್ಚಿ ಕಿಟಕಿಗೆ ಮುಖ ಮಾಡಿಕೊಂಡು ಉಣ್ಣುತ್ತಿದ್ದಳು. ಒಂದು ತುತ್ತನ್ನಾದರೂ ನೆಮ್ಮದಿಯಾಗಿ ನುಂಗಬಾರದೇ ಎಂದು ನನಗೆ ಸಂಕಟವಾಯಿತು.

ಭಾರತಿ ಯಾವುದೋ ಸಾಮಾನು ತರಲು ರೈಲು ಹತ್ತಿ ಬೆಂಗಳೂರಿಗೆ ಹೋದಳು. ಕೀಲಿಕೈ ನನ್ನ ಸೊಂಟದಲ್ಲಿತ್ತು. ಮನೆಯಲ್ಲಿ ಜನ ಹೆಚ್ಚಾದಾಗ ನಾವು ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆ. ಕಿಟಕಿಯಿಂದ ಕಿಟಕಿಗೆ ಹಗ್ಗ ಎಳೆದು ಮೇಜಿನ ನಡುನಡುವೆ ನನ್ನ ಹಳೇ ಸೀರೆಗಳನ್ನು ಇಳಿಬಿಟ್ಟೆ.

ಮರುದಿನ ಬೆಳಿಗ್ಗೆ ರಮಣ ತನ್ನ ಸೀರೆಯೊಳಗೆ ಕೂತು ಗೊಣಗತೊಡಗಿದ. "ಕಾರ್ಡ್ ಹಿಂದ್ಗಡೆ ಛತ್ರದ ದಾರಿ ತೋರ್ಸು ಅಂತಾರೆ. ನಾನೇನು ಸರ್ವೇ ಮಾಡೋನಾ?"

"ಯಾವ ಛತ್ರ ಅಣ್ಣಾ?" ಸೀರೆಯಾಚೆಯಿಂದ ಸುಜಾತಳ ದನಿ.

"ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಎಡಕ್ಕೆ ಕಣಮ್ಮ."

"ಇಲ್ಲಿ ಕೊಡಿ, ನಾನು ಗೆರೆ ಎಳ್ದು ಕೊಡ್ತೀನಿ."

ಮೂರನೇ ಸೀರೆಯಿಂದ ಮೂರ್ತಿ, "ಪೆಳ್ಳಿಕೊಡುಕು ಎವರಂಡಿ? ಮದ್ವೆ ಗಂಡು ಯಾರ್ರೀ? ಒಂದು ಪಾಲಿಸಿ ಮಾಡಿಸ್ಬುಡೋಣ!"

"ಮೊದ್ಲು ತಾಳಿ ಕಟ್ಲಿ ಇರಯ್ಯ, ಆಮೇಲೆ ಹೆದರ್ಸೀವಂತೆ!" ಎಂದ ರಮಣ.

ಗೋಡೌನು ನಕ್ಕಿತು. ಅದೇ ಹೊತ್ತಿಗೆ ಭಾರತಿ ಬಾಗಿಲಲ್ಲಿ ನಿಂತಿದ್ದಳು. "ಅಜ್ಜೀ, ಏನ್ ಮಾಡ್ಬುಟ್ಟೆ! ನಾನು ಗೋಡೆ ಕೆಡವಿಸಿದ್ದು ನೀನು ಬಟ್ಟೆ ಒಣಗಾಕಕ್ಕಾ?" ಎಂದು ಒಂದು ಸೀರೆಯನ್ನು ಎಳೆದೇಬಿಟ್ಟಳು. ರಮಣ, ಸುಜಾತ ಮುಖಾಮುಖಿಯಾದರು. ಮಾತು ನಿಂತಿತು. ಸುಜಾತ ತಲೆ ತಗ್ಗಿಸಿ, ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಕೆತ್ತಿದಳು. ಭಾರತಿ ಅವರನ್ನೂ ನನ್ನನ್ನೂ ನೋಡಿ, ಸೀರೆಯನ್ನು ತಿರುಗಿ ಕಟ್ಟಿದಳು.

ಯಾಕೆ ಹೀಗೆ ಎಂದು ಅವಳು ಕೇಳಿದಾಗ ನನಗೆ ನೆನಪಾದದ್ದು ನನ್ನ ಅತ್ತೆಮನೆಯ ಬಾಗಿಲು. ನನ್ನ ಮಾವನವರೊಡನೆ ನಾನು ಜೀವಮಾನವಿಡೀ ಬಾಗಿಲ ಮರೆಯಿಂದಲೇ ಮಾತಾಡಿದ್ದು. ಹೊಲ, ಹಸು, ಕೂಸಿನ ಜ್ವರ, ಎಲ್ಲವೂ ಮರೆಯಿಂದಲೇ. ಎದುರಿಗೆ ನಿಂತರೆ ನಾಲಿಗೆ ಏಳುತ್ತಿರಲಿಲ್ಲ. ಇದನ್ನು ಹೇಳಿದರೆ ಭಾರತಿ, "ಅದು ಹೆದ್ರಿಕೆ ಕಣಜ್ಜಿ" ಅಂದಳು. ಇರಬಹುದು. ಆದರೆ ಹೆದರಿಕೊಂಡೇ ನಾನು ಆ ಮರೆಯಿಂದ ಅವರಿಗೆ ಎದುರು ಮಾತೂ ಆಡಿದ್ದೇನೆ. ಹಾಗಾದರೆ ಆ ಬಾಗಿಲು ನನ್ನನ್ನು ತಡೆದಿತ್ತೋ, ಕಾದಿತ್ತೋ? ಈಗಲೂ ತಿಳಿಯದು.

ಸುದ್ದಿ ಹಬ್ಬಿತು. ಒಬ್ಬೊಬ್ಬರೇ ಬಂದು ಕೂತರು. ಯುಗಾದಿ ಹತ್ತಿರ ಬಂದಾಗ ಒಂದು ಮೇಜು ಮಾತ್ರ ಖಾಲಿ ಉಳಿದಿತ್ತು. ನನ್ನ ಮಗ ಬಂದವನೇ ಸರಿಯಾಗಿ ಅಲ್ಲೇ ಹೋಗಿ ಕೂತ. ಸೀರೆಯ ಈ ಕಡೆ ಅವನು, ಆ ಕಡೆ ಭಾರತಿ, ತುದಿಯಲ್ಲಿ ನಾನು.

"ಅಮ್ಮಾ, ಒಂದು ಖಾಲಿ ಐತಲ್ಲ, ಕೇಳು ನಿನ್ ಮೊಮ್ಮಗಳನ್ನ."

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ, "ಅದು ನಿಂಗೇ ಇಟ್ಟಿರೋದು ಕಣಪ್ಪ. ಹುಣಸೆ ಮಂಡಿ ಗಲಾಟೇಲಿ ಫೋನೇ ಕೇಳ್ಸಲ್ಲ ಅಂತಿದ್ದಲ್ಲ."

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ನಂಗೂ ಬಾಡಿಗೇನಾ?"

"ಎಲ್ರಿಗೂ ಎಷ್ಟೋ ಅಷ್ಟೇಯ."

ಸೀರೆ ಅಲುಗಿತು. ಅವನು ನಗುತ್ತಿದ್ದ. "ಆಗ್ಲಿ ಬಿಡು ಮಗಳೇ. ಹಣ್ಣು ಈ ಸಲ ಬೇರೆ ಕಡೆ ಇಳಿಸ್ತೀನಿ."

ಆಮೇಲೆ ಇಬ್ಬರೂ ಮಾತಾಡಿದರು, ಮಾತಾಡಿದರು. ನನ್ನ ಮೂಲಕ ಯಾರೂ ಏನೂ ಹೇಳಿಸಲಿಲ್ಲ. ಅಷ್ಟು ಜನ ಕೆಲಸ ಮಾಡುವ ಆ ಜಾಗದಲ್ಲಿ, ಕೆಲಸ ಹೋಯಿತೆಂದು ಕುಣಿಯುವಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.