ಭಾನುವಾರದ ಹೊಸ ನಂಬರ್

ಇಂದಿರಾನಗರದ ಹಂಡ್ರೆಡ್ ಫೀಟ್ ರಸ್ತೆಯ ಪಬ್ಬುಗಳ ಮುಂದೆ ರಾತ್ರಿಯ ಬಾಟಲಿಗಳು ಇನ್ನೂ ಬಿದ್ದುಕೊಂಡಿವೆ. ಹಿಂದಿನ ಅಡ್ಡರಸ್ತೆಯಲ್ಲಿ, ಬಂಗಲೆ ಹೋಗಿ ಆಫೀಸಾದ ಕಟ್ಟಡದೊಳಗೆ, ಯಂಕಮ್ಮ ಆಗಲೇ ಮೊದಲ ಮಹಡಿಯ ಶೌಚಾಲಯ ತೊಳೆದು ಮುಗಿಸಿದ್ದಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೆಲದ ಫೋಟೊ ತೆಗೆಯುತ್ತಾರೆ. ಅದು ಕೆಲಸದ ವಾಟ್ಸಾಪ್ ಗ್ರೂಪಿಗೆ ಹೋಗದಿದ್ದರೆ ತೊಳೆದದ್ದೂ ತೊಳೆದಂತಲ್ಲ.

ಕಳಿಸುವ ಮೊದಲೇ ಫೋನ್ ಬಡಿದುಕೊಳ್ಳುತ್ತದೆ. ಸೂಪರ್‌ವೈಸರ್ ಕೆಂಪರಾಜ್.

"ಫೋಟೊ ಎಲ್ಲಿ ಕಣಮ್ಮ?"

"ಹಾಕಾಕತ್ತೀನ್ರಿ ಸರ್, ಕೈ ಒದ್ದಿ ಐತ್ರಿ."

ಬಕೆಟ್ ಹಿಡಿದು ನಿಂತ ಜೊತೆಗಾತಿ ಶಕೀಲಾ ನಗುತ್ತಾರೆ. "ನಿನ್ ಗಂಡಾನೂ ಇಷ್ಟು ಸಲ ಕರ್ದಿಲ್ಲ, ಅಲ್ವೇನೇ?"

ಸಿಂಧನೂರು ಕಡೆಯ ಯಂಕಮ್ಮ, ದೊಮ್ಮಲೂರಿನ ಬಾಡಿಗೆ ಕೋಣೆಯೊಂದರಲ್ಲಿ ಗಂಡನೊಂದಿಗೆ ಇದ್ದಾರೆ. ಕೆಲಸ ಬೆಳಗಿನಿಂದ ಮಧ್ಯಾಹ್ನದವರೆಗೆ, ಭಾನುವಾರ ರಜೆ. ಸೇರಿಸಿಕೊಳ್ಳುವಾಗ ಹೇಳಿದ್ದು ಹಾಗೆ. ಯಾರೋ ಬರಲಿಲ್ಲವೆಂದರೆ, ಪಾರ್ಟಿ ಮುಗಿದು ನೆಲ ಅಂಟಾಗಿದೆಯೆಂದರೆ, ಮನೆ ಹತ್ತಿರವೆಂಬ ಕಾರಣಕ್ಕೆ ಕರೆ ಬರುವುದು ಇವರಿಗೇ. ಇವರು ದಿನಾ ಒರೆಸುವ ಗಾಜಿನ ಬಾಗಿಲಿಗೆ ಆಫೀಸಿನವರು ಒಂದು ಚೀಟಿ ಅಂಟಿಸಿದ್ದಾರೆ: ಕೆಲಸದ ವೇಳೆ ಮುಗಿದ ಮೇಲೆ ಸಿಬ್ಬಂದಿಗೆ ಯಾರೂ ಕರೆ ಮಾಡುವಂತಿಲ್ಲ. ಅದನ್ನು ಓದಿ ಹೇಳಿದವರು ಶಕೀಲಾ. ಗುತ್ತಿಗೆ ಕೆಲಸದವರು ಅದರಲ್ಲಿ ಸೇರುವುದಿಲ್ಲವೆಂದು ತಿಳಿಸಿದವರು ಕೆಂಪರಾಜ್. "ನನ್ಗೂ ಮೇಲಿಂದ ರಾತ್ರಿಯೆಲ್ಲ ಬೈತಾರಮ್ಮ. ನಾನ್ ಯಾರ್ಗ್ ಹೇಳ್ಲಿ?"

ಒಂದು ಭಾನುವಾರ ಯಂಕಮ್ಮ ಸೂಪರ್‌ವೈಸರ್ ಕರೆ ಎತ್ತದೆ ಮಲಗಿಬಿಟ್ಟರು. ಕೆಂಪರಾಜ್ ವಾಚ್‌ಮನ್ ಫೋನಿನಿಂದ ಮಾಡಿದರು. ಮುಂದಿನ ವಾರ ಟೀ ಅಂಗಡಿಯವನ ಫೋನಿನಿಂದ. ಎತ್ತಿದರೆ ಅದೇ ದನಿ: "ಸಿಕ್ಬಿದ್ಯಲ್ಲಮ್ಮ! ಒಂದರ್ಧ ಗಂಟೆ ಬಂದ್ಹೋಗು." ಅಲ್ಲಿಂದಾಚೆಗೆ ಯಂಕಮ್ಮ ಭಾನುವಾರ ಗೊತ್ತಿಲ್ಲದ ನಂಬರ್ ಎತ್ತುವುದನ್ನೇ ಬಿಟ್ಟರು. ಜೊತೆಯ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು.

ಕಳೆದ ಬೇಸಿಗೆಯ ಒಂದು ಭಾನುವಾರ ಹೊಸ ನಂಬರೊಂದು ಬಿಟ್ಟೂಬಿಡದೆ ಬಡಿಯಿತು. ಯಂಕಮ್ಮ ಫೋನನ್ನು ಹಾಸಿಗೆಯಡಿ ತುರುಕಿ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತರು. ಆ ಕಡೆಯಿದ್ದವನು ಊರಿನಲ್ಲಿರುವ ತಮ್ಮ ಈರೇಶ. ಅವನ ಫೋನಿನ ಚಾರ್ಜ್ ಮುಗಿದಿತ್ತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರ ಫೋನ್ ಬೇಡಿ ಇಸಿದುಕೊಂಡಿದ್ದ. ಮೇಲುಸಿರು ಬಿಡುತ್ತಿದ್ದ ತಾಯಿ ಮಗಳನ್ನು ಕೇಳುತ್ತಿದ್ದಳು. ಸಂಜೆ ಈರೇಶ ತನ್ನ ನಂಬರಿನಿಂದಲೇ ಕರೆದಾಗ ಹೇಳಲು ಸಾವಿನ ಸುದ್ದಿಯಷ್ಟೇ ಉಳಿದಿತ್ತು.

"ಅವ್ವ ನನ್ ಹೆಸರ್ ಹಿಡಿದು ಕರೀತಿದ್ಲಂತ್ರಿ. ನಾ ಏನ್ ಮಾಡಿದೆ ಗೊತ್ತೇನ್ರಿ? ಕಳ್ಳ, ಇವತ್ ಯಾರ್ ಫೋನ್ ಇಸ್ಕೊಂಡಾನೋ ಅಂತ ಬೈದೆ." ಯಂಕಮ್ಮ ಇದನ್ನು ಹೇಳುವಾಗಲೂ ನೆಲ ಒರೆಸುವುದನ್ನು ನಿಲ್ಲಿಸುವುದಿಲ್ಲ.

ಊರಿಗೆ ಹೋಗಿ ತಾಯಿಯ ಮಣ್ಣು ಮುಗಿಸಿ ವಾಪಸ್ ಬಸ್ ಹತ್ತುವ ಮೊದಲೇ ಕೆಂಪರಾಜ್ ಅವರ ಕರೆ ಬಂದಿತ್ತು: ಯಾವಾಗ ಬರ್ತೀಯಮ್ಮ?

ಈಗ ಯಂಕಮ್ಮ ಯಾವ ನಂಬರನ್ನೂ ಬಿಡುವುದಿಲ್ಲ. ಸಾಲ ಬೇಕಾ ಎಂದು ಕೇಳುವ ಹುಡುಗಿಯರಿಗೂ "ಯಾರ್ರಿ?" ಎನ್ನುತ್ತಾರೆ. ಹಾಗಾಗಿ ಭಾನುವಾರದ ಕೆಲಸವೂ ತಪ್ಪುವುದಿಲ್ಲ.

"ದುಡಿಯಾಕ ನಾ ಒಲ್ಲೆ ಅನ್ನಂಗಿಲ್ರಿ," ಎನ್ನುತ್ತಾರೆ, ಬಟ್ಟೆ ಹಿಂಡುತ್ತ. "ರಜಾ ಇದ್ದ ಐತಾರ ಫೋನ್ ಬಡಿದ್ರ, ನಮ್ಮವ್ರೇ ಯಾರೋ ಅಂತ ಓಡಿ ಹೋಗಿ ಎತ್ತಂಗ ಆಗ್ಬೇಕು. ಅಷ್ಟಾದ್ರ ಸಾಕು."