ನಿಂತ ಗಾಡಿಯ ಹೊಸ ಚಕ್ರ

ಚಕ್ರದ ಮನೆಗಾಡಿಗಳೇ ಸಾಲಾಗಿ ನಿಂತ ನಮ್ಮ ಟ್ರೇಲರ್ ಪಾರ್ಕಿನಲ್ಲಿ ವರ್ಜಿಲ್ ಹ್ಯಾಚರನ ಹೆಬ್ಬೆರಳಿಗೆ ಸಿಕ್ಕದ ಟಯರು ಒಂದೂ ಇಲ್ಲ. ಬೆಳಿಗ್ಗೆ ಕಾಫಿ ಹಿಡಿದು ಹೊರಟನೆಂದರೆ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಅವರ ಮನೆಗಾಡಿಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ರಬ್ಬರಿನ ಬಿರುಕು ಒತ್ತಿ ನೋಡಿ, ಡಾಕ್ಟರನಂತೆ ನಿಟ್ಟುಸಿರು ಬಿಡುತ್ತಾನೆ. "ಟಯರು ಓಡಿ ಸಾಯಲ್ಲ, ನಿಂತೂ ನಿಂತೂ ಸಾಯೋದು" ಎಂಬುದು ಅವನ ಉಪದೇಶ. ಅವನ ಸ್ವಂತ ಗಾಡಿ ಅಪ್ಪನ ಕಾಲದ್ದು, ಅಲ್ಯೂಮಿನಿಯಂ ಮೈಯದು; ಇಲ್ಲಿ ಬಂದು ನಿಂತ ಮೇಲೆ ಒಂದಡಿಯೂ ಸರಿದಿಲ್ಲ. ಆದರೂ ಆಗಾಗ ಅದನ್ನು ಜಾಕಿನ ಮೇಲೆತ್ತಿ, ಮುಳ್ಳೂ ಮುಟ್ಟದ ಟಯರುಗಳನ್ನು ಎಸೆದು ಹೊಸವನ್ನು ಹಾಕುತ್ತಾನೆ. ಈ ವಸಂತದಲ್ಲಂತೂ ತುಕ್ಕು ಹಿಡಿದ ಚಕ್ರಗಳನ್ನೇ ಬದಲಿಸಿದ. "ಸವಾರಿ ಎಲ್ಲಿಗಯ್ಯಾ, ಅಂಚೆಡಬ್ಬಿವರೆಗಾ?" ಎಂದು ಪಕ್ಕದ ಗಾಡಿಯ ಮುದುಕಿ ಓಪಲ್ ಛೇಡಿಸಿದಳು. "ಮೊದಲು ನಿಮ್ಮ ಟಯರು ನೋಡ್ಕೊಳ್ಳಿ, ಒಣಗಿದ ರೊಟ್ಟಿ ಆಗಿವೆ" ಎಂದ ಇವನು. ಆಗಸ್ಟಿನಲ್ಲಿ ಕಾಡಿಗೆ ಬೆಂಕಿ ಬಿತ್ತು. ಎಲ್ಲರೂ ಕೂಡಲೇ ಜಾಗ ಬಿಡಬೇಕೆಂದು ಪೊಲೀಸರು ಕೂಗಿ ಹೋದರು. ಓಪಲ್‌ಳ ಗಾಡಿ ಜಾಗದಿಂದ ಅಲುಗುತ್ತಲೇ ಟಯರುಗಳು ಒಡೆದವು. ಅದು ಬಿಟ್ಟರೆ ಅವಳಿಗೆ ಬೇರೆ ಮನೆಯಿಲ್ಲ. ತನ್ನ ಗಾಡಿಯನ್ನು ಟ್ರಕ್ಕಿಗೆ ಕಟ್ಟಿ ಹೊರಟಿದ್ದ ವರ್ಜಿಲ್ ಇಳಿದು ಬಂದ. ಎರಡು ಗಾಡಿಗೂ ಒಂದೇ ಅಳತೆಯ ಚಕ್ರ. ಬಯ್ಯುತ್ತಲೇ ತನ್ನವನ್ನು ಬಿಚ್ಚಿ ಅವಳ ಗಾಡಿಗೆ ಹಾಕಿ, ತನ್ನ ಗಾಡಿಯನ್ನು ದಿಮ್ಮಿಗಳ ಮೇಲೆ ಅಲ್ಲೇ ಬಿಟ್ಟು, ಅವಳದನ್ನೇ ಎಳೆದುಕೊಂಡು ಹೋದ. ಪುಣ್ಯಕ್ಕೆ ಬೆಂಕಿ ಹಳ್ಳದಾಚೆಗೇ ತಿರುಗಿತು. ವಾಪಸಾದ ಮೇಲೆ, ಚಕ್ರ ಬಿಚ್ಚಿಕೋ ಎಂದಳು ಓಪಲ್. ಮರದ ದಿಮ್ಮಿಗಳ ಮೇಲೆ ಕೂತಿದ್ದ ತನ್ನ ಗಾಡಿಯನ್ನು ವರ್ಜಿಲ್ ಒಂದು ಗಳಿಗೆ ನೋಡಿದ. "ಇರ್ಲಿ ಬಿಡಿ" ಎಂದ, "ಅವಕ್ಕೆ ಓಡಾಟದ ರುಚಿ ಹತ್ತಿದೆ, ಇನ್ನು ನನ್ನ ಹತ್ರ ನಿಲ್ಲಲ್ಲ."